ಪ್ರವಾಸ ರದ್ದಾಯ್ತು, ವಿಮೆಯ ದುಡ್ಡು ಕೇಳೋದು ಹೇಗೆ?

2024ರ ಸೆಪ್ಟೆಂಬರ್ 24. ಬೆಳಗ್ಗೆ ಆರೂವರೆ ಇರಬೇಕು. ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಎಡಗಡೆ ಸೊಂಟದ ಮೂಳೆ ಮುರಿದಿತ್ತು. ಮರುದಿನವೇ ಆಪರೇಷನ್ ಆಯಿತು. ಅಕ್ಟೋಬರ್ 6ಕ್ಕೆ ನಾನು, ನನ್ನ ಗಂಡ, ಇಬ್ಬರು ಮಕ್ಕಳು ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೊರಡಬೇಕಿತ್ತು. ಮಕ್ಕಳಿಗೆ ದಸರಾ ರಜೆ. ಜೂನ್ ತಿಂಗಳಲ್ಲೇ ಟಿಕೆಟ್, ಹೋಟೆಲ್ ಎಲ್ಲ ಬುಕ್ ಮಾಡಿಟ್ಟಿದ್ದೆವು. ಅದೇ ವಾರ ಪ್ರಯಾಣ ವಿಮೆಯನ್ನೂ ಮಾಡಿಸಿದ್ದೆವು.

ಅಮ್ಮನನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗುವ ಮಾತೇ ಇರಲಿಲ್ಲ. ಪ್ರವಾಸ ರದ್ದು ಮಾಡಿ ವಿಮೆ ಕಂಪನಿಗೆ ಕ್ಲೇಮ್ ಹಾಕಿದೆವು. ಮೊದಲು ಬಂದದ್ದು ‘ಕೊಡಲಾಗುವುದಿಲ್ಲ’ ಎಂಬ ಪತ್ರ. ಒಂದೂವರೆ ತಿಂಗಳು ಕಳೆದ ಮೇಲೆ ದುಡ್ಡು ಬಂತು. ನಡುವೆ ನಾವು ಹೊಸದಾಗಿ ಕೊಟ್ಟ ಪುರಾವೆ ಒಂದೇ ಒಂದು ಕಾಗದ. ಡಾಕ್ಟರು ಬರೆದುಕೊಟ್ಟ ಐದು ಸಾಲು.

ಆಮೇಲೆ ನೆಂಟರು, ಪರಿಚಯದವರು, ಮಕ್ಕಳ ಶಾಲೆಯ ಪೋಷಕರು ತಮ್ಮ ತಮ್ಮ ಪಾಲಿಸಿ ತಂದು ನನ್ನನ್ನು ಕೇಳಿದ್ದಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ‘ನಮ್ಮದು ನಿಜವಾದ ಕಷ್ಟ. ಸುಳ್ಳು ಹೇಳ್ತಿಲ್ಲ. ಮತ್ಯಾಕೆ ಕೊಡಲ್ಲ?’ ಇದಕ್ಕೆ ಉತ್ತರ ಕೇಳಿದರೆ ಬೇಜಾರಾಗುತ್ತದೆ. ಆದರೆ ಮೊದಲೇ ಗೊತ್ತಿದ್ದರೆ ತುಂಬಾ ಉಪಯೋಗ. ವಿಮೆ ಕಂಪನಿ ನಿಮ್ಮ ಕಷ್ಟ ಎಷ್ಟು ದೊಡ್ಡದು ಎಂದು ಅಳೆಯುವುದಿಲ್ಲ. ಅದು ಎರಡು ಸಂಗತಿ ನೋಡುತ್ತದೆ. ಆ ಕಷ್ಟದ ಹೆಸರು ಪಾಲಿಸಿಯ ಪಟ್ಟಿಯಲ್ಲಿ ಇದೆಯಾ? ಅದರಿಂದಾಗಿ ಆ ತಾರೀಖಿಗೆ ನೀವು ಹೊರಡಲು ಸಾಧ್ಯವೇ ಇರಲಿಲ್ಲ ಎಂದು ಯಾವ ಕಾಗದ ಹೇಳುತ್ತದೆ?

ಇಡೀ ಲೇಖನ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಕಾರಣ ಪಟ್ಟಿಯಲ್ಲಿ ಇರಬೇಕು

ಪ್ರಯಾಣ ವಿಮೆ ಅಂದರೆ ಒಂದೇ ವಿಮೆ ಅಲ್ಲ. ಹಲವು ಸಣ್ಣ ವಿಮೆಗಳ ಗಂಟು ಅದು. ವಿದೇಶದಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು, ಲಗೇಜು ಕಳೆದರೆ ಪರಿಹಾರ, ಪಾಸ್‌ಪೋರ್ಟ್ ಕಳೆದರೆ, ವಿಮಾನ ತಡವಾದರೆ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ವಿಭಾಗ ಇರುತ್ತದೆ. ‘ಟ್ರಿಪ್ ಕ್ಯಾನ್ಸಲೇಷನ್’ ಅವುಗಳಲ್ಲಿ ಒಂದು. ಹೊರಡುವ ಮೊದಲೇ ಪ್ರವಾಸ ಕೈಬಿಡಬೇಕಾದರೆ ಈ ವಿಭಾಗದಲ್ಲಿ ದುಡ್ಡು ಬರುತ್ತದೆ. ಹೊರಟ ಮೇಲೆ ಅರ್ಧಕ್ಕೇ ವಾಪಸ್ ಬರಬೇಕಾಗಿ ಬಂದರೆ ಅದು ಬೇರೆ ವಿಭಾಗ, ‘ಟ್ರಿಪ್ ಇಂಟರಪ್ಷನ್’ ಅಥವಾ ‘ಕರ್ಟೇಲ್‌ಮೆಂಟ್’. ಅಗ್ಗದ ಪಾಲಿಸಿಗಳಲ್ಲಿ ಈ ಎರಡೂ ಇಲ್ಲದೇ ಇರಬಹುದು.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾಕ್ಕೆ ಅಂತ ವಿಮೆ ಮಾಡಿಸುವವರು ಇಲ್ಲಿ ಎಡವುತ್ತಾರೆ. ವೀಸಾ ನಿಯಮ ಕೇಳುವುದು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ತುರ್ತು ಚಿಕಿತ್ಸೆ, ಆಸ್ಪತ್ರೆ, ಊರಿಗೆ ವಾಪಸ್ ಕಳಿಸುವ ಖರ್ಚು, ಇಷ್ಟು ಇದ್ದರೆ ಸಾಕು. ಪ್ರವಾಸ ರದ್ದಾದರೆ ಪರಿಹಾರ ಇರಬೇಕು ಎಂದು ಅದು ಕೇಳುವುದಿಲ್ಲ. ಏಜೆಂಟರು ವೀಸಾಕ್ಕೆ ಸಾಕಾಗುವಷ್ಟು ಅಗ್ಗದ ಪಾಲಿಸಿ ಹಾಕಿಕೊಡುತ್ತಾರೆ. ನಾವು ‘ವಿಮೆ ಇದೆ’ ಅಂತ ನೆಮ್ಮದಿಯಾಗಿರುತ್ತೇವೆ.

ರೈಲಿನದ್ದೂ ಹಾಗೇ. ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ 45 ಪೈಸೆಗೆ ಒಂದು ವಿಮೆ ಸಿಗುತ್ತದಲ್ವಾ? ಅದು ಅಪಘಾತದ ವಿಮೆ. ರೈಲು ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ. ಅದನ್ನು ಟಿಕ್ ಮಾಡುವುದು ಒಳ್ಳೆಯದೇ. ಆದರೆ ಕಾಶಿಯಾತ್ರೆ ರದ್ದಾದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

ಇನ್ನು ಪಟ್ಟಿಯ ವಿಷಯ. ಬಹಳಷ್ಟು ಪಾಲಿಸಿಗಳಲ್ಲಿ ಒಪ್ಪುವ ಕಾರಣಗಳು ಹೀಗಿರುತ್ತವೆ. ವಿಮೆ ಮಾಡಿಸಿದವರು, ಜೊತೆಗೆ ಹೊರಟವರು ಅಥವಾ ಹತ್ತಿರದ ಕುಟುಂಬದವರು ತೀರಿಕೊಂಡರೆ. ಅವರಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಗಂಭೀರ ಕಾಯಿಲೆಯಿಂದ, ಗಾಯದಿಂದ ಆಸ್ಪತ್ರೆ ಸೇರಿದರೆ. ಮನೆಗೆ ಬೆಂಕಿ ಬಿದ್ದರೆ, ನೆರೆ ನುಗ್ಗಿದರೆ. ಹೋಗಬೇಕಾದ ಊರಲ್ಲಿ ಭೂಕಂಪ, ಚಂಡಮಾರುತದಂಥದ್ದು ಆದರೆ. ಕೆಲವರು ಕೋರ್ಟ್ ಸಮನ್ಸ್ ಸೇರಿಸುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದು ಎಷ್ಟೇ ನ್ಯಾಯವಾಗಿದ್ದರೂ ಲೆಕ್ಕಕ್ಕಿಲ್ಲ. ಆಫೀಸಿನಲ್ಲಿ ರಜೆ ಸಿಗಲಿಲ್ಲ, ಮಗನ ಪರೀಕ್ಷೆ ಮುಂದಕ್ಕೆ ಹೋಯಿತು, ಮನಸ್ಸು ಬದಲಾಯಿತು, ಇವಕ್ಕೆಲ್ಲ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ. ವೀಸಾ ತಿರಸ್ಕಾರವೂ ಅಷ್ಟೇ. ಅದಕ್ಕೆ ಅಂತಲೇ ಪ್ರತ್ಯೇಕ ಕವರ್ ತೆಗೆದುಕೊಂಡಿದ್ದರೆ ಮಾತ್ರ ಬರುತ್ತದೆ. ‘ಯಾವುದೇ ಕಾರಣಕ್ಕೆ ರದ್ದು’ ಎಂಬ ದುಬಾರಿ ಕವರ್ ಕೂಡ ಕೆಲವರು ಮಾರುತ್ತಾರೆ. ಅದು ಸಾಮಾನ್ಯವಾಗಿ ಖರ್ಚಿನ ಒಂದು ಪಾಲನ್ನಷ್ಟೇ ಕೊಡುತ್ತದೆ.

ನಮ್ಮ ಮನೆಗಳಿಗೆ ತುಂಬಾ ಮುಖ್ಯವಾದ ಸಾಲು ಒಂದಿದೆ. ‘ಹತ್ತಿರದ ಕುಟುಂಬ’ ಅಂದರೆ ಯಾರು ಎಂಬ ಸಾಲು. ನಮಗೆ ದೊಡ್ಡಪ್ಪ ತೀರಿಕೊಂಡರೆ ಅದು ಮನೆಯ ಸಾವೇ. ದಾಯಾದಿಗಳಲ್ಲಿ ಯಾರಾದರೂ ಹೋದರೆ ಸೂತಕ. ಹತ್ತು ದಿನ ದೇವಸ್ಥಾನಕ್ಕೂ ಕಾಲಿಡುವುದಿಲ್ಲ, ಅಂಥಾದ್ದರಲ್ಲಿ ಪ್ರವಾಸ ಹೋಗುವುದು ಹೇಗೆ? ಸಾಕಿ ಬೆಳೆಸಿದ ಅಜ್ಜಿ ಹೋದರೆ ತಿಥಿ ಮುಗಿಯುವ ತನಕ ಊರು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಬಹಳ ಪಾಲಿಸಿಗಳಲ್ಲಿ ಕುಟುಂಬ ಅಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ-ತಾಯಿ, ಕೆಲವೊಮ್ಮೆ ಒಡಹುಟ್ಟಿದವರು, ಅತ್ತೆ-ಮಾವ. ಅಜ್ಜಿ-ತಾತ ಕೆಲವು ಪಾಲಿಸಿಯಲ್ಲಿ ಇದ್ದಾರೆ, ಕೆಲವು ಪಾಲಿಸಿಯಲ್ಲಿ ಇಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಇರುವುದು ಅಪರೂಪ. ಇದು ನನಗೆ ಸರಿ ಅನ್ನಿಸುವುದಿಲ್ಲ. ನಮ್ಮ ದೇಶದಲ್ಲಿ ಮಾರುವ ಪಾಲಿಸಿ ನಮ್ಮ ಕುಟುಂಬ ಹೇಗಿದೆ ಎಂದು ತಿಳಿದುಕೊಂಡು ಬರೆಯಬೇಕು. ಆದರೆ ಬರೆದಿರುವುದು ಹಾಗಿಲ್ಲ, ಆದ್ದರಿಂದ ಕೊಳ್ಳುವ ಮೊದಲೇ ಆ ಒಂದು ಸಾಲು ಹುಡುಕಿ ಓದಿ.

ಎರಡನೇ ದೊಡ್ಡ ಗುಂಡಿ ಹಳೇ ಕಾಯಿಲೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಅಂತ ಅಪ್ಪ-ಅಮ್ಮ ಹೊರಡುತ್ತಾರೆ. ಅಪ್ಪನಿಗೆ ಹತ್ತು ವರ್ಷದಿಂದ ಬಿಪಿ, ಸಕ್ಕರೆ ಕಾಯಿಲೆ. ಹೊರಡುವ ವಾರ ಎದೆನೋವು ಬಂದು ಆಸ್ಪತ್ರೆ ಸೇರುತ್ತಾರೆ. ಕಂಪನಿ ಮೊದಲು ಕೇಳುವುದು ಹಳೇ ಆಸ್ಪತ್ರೆ ಚೀಟಿಗಳನ್ನು. ಮೊದಲೇ ಇದ್ದ ಕಾಯಿಲೆಯಿಂದ ಆದ ರದ್ದತಿಗೆ ಬಹಳ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಕಾಯಿಲೆ ಮುಚ್ಚಿಟ್ಟಿದ್ದರೆ ಇಡೀ ಪಾಲಿಸಿಯೇ ಕೈತಪ್ಪಬಹುದು. ಪ್ರೀಮಿಯಂ ಜಾಸ್ತಿ ಆಗುತ್ತದೆ ಅಂತ ಅರ್ಜಿಯಲ್ಲಿ ‘ಯಾವ ಕಾಯಿಲೆಯೂ ಇಲ್ಲ’ ಎಂದು ಟಿಕ್ ಮಾಡುವ ಏಜೆಂಟರಿದ್ದಾರೆ. ಫಾರಂ ಅನ್ನು ನೀವೇ ತುಂಬಿ. ಹಳೇ ಕಾಯಿಲೆಗೂ ಕವರ್ ಕೊಡುವ ಪಾಲಿಸಿ ಹುಡುಕಿ. ಸಿಕ್ಕರೆ, ಅದು ವಿದೇಶದ ಚಿಕಿತ್ಸೆಗೆ ಮಾತ್ರವೋ, ರದ್ದತಿಗೂ ಸೇರಿದೆಯೋ ಎಂದು ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಮೂರನೆಯದು, ‘ಗೊತ್ತಿದ್ದ ಸಂಗತಿ’. ವಿಮೆ ಅನಿರೀಕ್ಷಿತಕ್ಕೆ ಮಾತ್ರ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಪಾಲಿಸಿ ಕೊಂಡರೆ ಆ ಚಂಡಮಾರುತದ ಕ್ಲೇಮ್ ಸಿಗುವುದಿಲ್ಲ. ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟ ಮೇಲೆ ಕೊಂಡರೂ ಅಷ್ಟೇ. ಹಾಗಾಗಿ ಟಿಕೆಟ್ ಬುಕ್ ಮಾಡಿದ ದಿನವೇ ಪಾಲಿಸಿ ಕೊಳ್ಳುವುದು ಒಳ್ಳೆಯದು. ಆಸ್ಪತ್ರೆ ಖರ್ಚಿನ ವಿಭಾಗ ಶುರುವಾಗುವುದು ಪ್ರಯಾಣದ ದಿನ. ರದ್ದತಿಯ ವಿಭಾಗ ಸಾಮಾನ್ಯವಾಗಿ ಪಾಲಿಸಿ ಕೈಗೆ ಬಂದ ದಿನದಿಂದಲೇ ಶುರು, ಹೊರಡುವ ಹೊತ್ತಿಗೆ ಮುಗಿಯುತ್ತದೆ. ಹೊರಡುವ ಹಿಂದಿನ ರಾತ್ರಿ ಕೊಂಡರೆ ರದ್ದತಿ ಕವರ್ ನಿಮ್ಮ ಪಾಲಿಗೆ ಒಂದೇ ರಾತ್ರಿಯದ್ದು. ನಾವು ಜೂನ್‌ನಲ್ಲಿ ಕೊಂಡಿದ್ದರಿಂದ ಸೆಪ್ಟೆಂಬರ್‌ನ ಘಟನೆಗೆ ಅದು ಆಗಿಬಂತು.

ಭಯಕ್ಕೆ ದುಡ್ಡು ಬರುತ್ತದೆಯೇ ಎಂದು ಹಲವರು ಕೇಳುತ್ತಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆ ವಾರ ಎಷ್ಟೋ ಮನೆಗಳಲ್ಲಿ ಕಾಶ್ಮೀರ ಪ್ರವಾಸ ರದ್ದಾಯಿತು. ಶ್ರೀನಗರದ ಟಿಕೆಟ್‌ಗಳಿಗೆ ಇಂಡಿಗೋ, ಏರ್ ಇಂಡಿಯಾ ಕೆಲವು ದಿನ ರದ್ದತಿ ಶುಲ್ಕ ಬಿಟ್ಟುಕೊಟ್ಟವು. ಹೋಟೆಲ್, ಟ್ಯಾಕ್ಸಿ ದುಡ್ಡಿನ ಮಾತು ಬೇರೆ. ಹೋಗಬೇಕಾದ ಊರಲ್ಲೇ ಭಯೋತ್ಪಾದಕ ದಾಳಿ ಆದರೆ ಪರಿಹಾರ ಎಂದು ಪಾಲಿಸಿಯಲ್ಲಿ ಬರೆದಿದ್ದರೆ ಮಾತ್ರ ವಿಮೆ ಕೊಡುತ್ತದೆ. ಬರೆದಿಲ್ಲದಿದ್ದರೆ ನಿಮ್ಮ ಭಯ ಎಷ್ಟೇ ಸಹಜವಾಗಿದ್ದರೂ ಇಲ್ಲ. ಅದರ ಮುಂದಿನ ತಿಂಗಳು ಗಡಿಯಲ್ಲಿ ಸಂಘರ್ಷವಾಗಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನು ಕೆಲವು ದಿನ ಮುಚ್ಚಿದರು. ಯುದ್ಧ, ಸೇನಾ ಕಾರ್ಯಾಚರಣೆ ಇಂಥವು ಬಹುತೇಕ ಪಾಲಿಸಿಗಳಲ್ಲಿ ಹೊರಗಿಟ್ಟ ಪಟ್ಟಿಯಲ್ಲೇ ಇರುತ್ತವೆ. ಅಂಥ ಹೊತ್ತಲ್ಲಿ ದುಡ್ಡು ಕೇಳಬೇಕಾದ್ದು ವಿಮಾನ ಸಂಸ್ಥೆಯನ್ನು.

ರದ್ದು ಮಾಡುವ ದಿನ

‘ಇನ್ನೂ ಎರಡು ದಿನ ನೋಡೋಣ, ಹುಷಾರಾದರೆ ಹೋಗಬಹುದು’ ಅಂತ ಕಾಯುವುದು ಮನುಷ್ಯ ಸಹಜ. ನಾವೂ ಒಂದು ದಿನ ಹಾಗೇ ಅಂದುಕೊಂಡೆವು. ಆದರೆ ಈ ಕಾಯುವಿಕೆಗೆ ಬೆಲೆ ಇದೆ. ವಿಮಾನ ಹೊರಡುವ ದಿನ ಹತ್ತಿರ ಬಂದಷ್ಟೂ ರದ್ದತಿ ಶುಲ್ಕ ಏರುತ್ತದೆ. ಹೋಟೆಲ್ ಕೂಡ ಇಂಥ ದಿನದವರೆಗೆ ಅರ್ಧ, ಆಮೇಲೆ ಪೂರ್ತಿ ಎಂದು ಹಿಡಿದುಕೊಳ್ಳುತ್ತದೆ. ಹೊರಡಲು ಆಗುವುದಿಲ್ಲ ಎಂದು ತಿಳಿದ ದಿನ ರದ್ದು ಮಾಡಿದ್ದರೆ ಎಷ್ಟು ನಷ್ಟ ಆಗುತ್ತಿತ್ತೋ ಅಷ್ಟನ್ನೇ ಕೊಡುತ್ತೇವೆ ಎಂಬ ಷರತ್ತು ಬಹಳ ಪಾಲಿಸಿಗಳಲ್ಲಿದೆ. ತಡ ಮಾಡಿದ್ದರಿಂದ ಏರಿದ ಶುಲ್ಕ ನಿಮ್ಮ ತಲೆಗೇ ಬರುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ರದ್ದು ಮಾಡಬೇಡಿ. ಮೊದಲು ಡಾಕ್ಟರ ಮಾತು ಕಾಗದದಲ್ಲಿ ಬರಲಿ, ಅದೇ ದಿನ ಟಿಕೆಟ್ ರದ್ದಾಗಲಿ. ಕಾಗದದ ತಾರೀಖು ಟಿಕೆಟ್ ರದ್ದಾದ ತಾರೀಖಿಗಿಂತ ಹಿಂದಿನದ್ದೋ ಅದೇ ದಿನದ್ದೋ ಇದ್ದರೆ ಕಥೆ ತಾನಾಗೇ ಕೂಡಿಕೊಳ್ಳುತ್ತದೆ.

ಅದೇ ದಿನ ವಿಮೆ ಕಂಪನಿಗೂ ತಿಳಿಸಿ. ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ, ಬೆನ್ನಿಗೇ ಒಂದು ಇಮೇಲ್ ಹಾಕಿ. ಆಸ್ಪತ್ರೆ ಓಡಾಟದಲ್ಲಿ ತಡವಾದರೂ ಗಾಬರಿ ಬೇಡ. ನಿಜವಾದ ಕ್ಲೇಮನ್ನು ತಡವಾಗಿ ತಿಳಿಸಿದರು ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ತಡ ಯಾಕಾಯಿತು ಎಂದು ಎರಡು ಸಾಲು ಬರೆದರಾಯಿತು.

ಇನ್ನೊಂದು ಮಾತು, ವಿಮೆಗಿಂತ ಮೊದಲು ವಿಮಾನ ಸಂಸ್ಥೆ, ಹೋಟೆಲ್‌ಗಳಿಂದ ಬರಬೇಕಾದ್ದನ್ನು ವಸೂಲು ಮಾಡಿ. ವಿಮೆ ತುಂಬಿಕೊಡುವುದು ಎಲ್ಲೂ ವಾಪಸ್ ಬಾರದ ದುಡ್ಡನ್ನು ಮಾತ್ರ. ನಮ್ಮ ದೇಶದ ವಿಮಾನ ಸಂಸ್ಥೆಗಳಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ಇದೆ. ರದ್ದತಿ ಶುಲ್ಕ, ಮೂಲ ದರ ಮತ್ತು ಇಂಧನ ಸರ್ಚಾರ್ಜ್ ಎರಡೂ ಸೇರಿದ ಮೊತ್ತವನ್ನು ಮೀರುವಂತಿಲ್ಲ. ಸರ್ಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ವಾಪಸ್ ಕೊಡಲೇಬೇಕು. ‘ನಾನ್ ರಿಫಂಡಬಲ್’ ಎಂದು ಬರೆದ ಟಿಕೆಟ್‌ಗೂ ಇದು ಅನ್ವಯ. ಏನೂ ಬರಲ್ಲ ಅಂತ ಏಜೆಂಟ್ ಹೇಳಿದರೆ ಟಿಕೆಟ್ ತೆಗೆದು ಮೂಲ ದರ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ನೋಡಿ.

ವಿಮಾನ ಸಂಸ್ಥೆಯೇ ರದ್ದು ಮಾಡಿದರೆ ಟಿಕೆಟ್ ದುಡ್ಡು ಪೂರ್ತಿ ಅವರೇ ಕೊಡಬೇಕು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ದಿನಕ್ಕೆ ನೂರಾರು ರದ್ದಾಗಿ ಬೆಂಗಳೂರು ನಿಲ್ದಾಣದಲ್ಲಿ ಜನ ಪರದಾಡಿದ್ದು ನೆನಪಿರಬಹುದು. ಆಗ ಟಿಕೆಟ್ ದರ ವಾಪಸ್ ಮಾಡಲು ಸರ್ಕಾರವೇ ಗಡುವು ಕೊಟ್ಟಿತ್ತು. ಅಂಥ ಸಂದರ್ಭದಲ್ಲಿ ಟಿಕೆಟ್‌ಗೆ ವಿಮೆ ಕೇಳುವುದರಲ್ಲಿ ಅರ್ಥವಿಲ್ಲ. ಮುಂಗಡ ಕಟ್ಟಿದ ಹೋಟೆಲ್ ದುಡ್ಡಿಗೆ ಕೇಳಬಹುದು, ಅದೂ ವಿಮಾನ ರದ್ದಾದದ್ದು ಪಾಲಿಸಿ ಒಪ್ಪುವ ಕಾರಣವಾಗಿದ್ದರೆ.

ವೋಚರ್, ಕ್ರೆಡಿಟ್ ಶೆಲ್ (ಮುಂದಿನ ಟಿಕೆಟ್‌ಗೆ ಬಳಸಲು ವಿಮಾನ ಸಂಸ್ಥೆ ಜಮೆ ಇಡುವ ಮೊತ್ತ) ಅಂತ ಕೊಡಲು ಬಂದರೆ ಅವಸರಕ್ಕೆ ಒಪ್ಪಬೇಡಿ. ಒಪ್ಪಿದರೆ ಅದು ದುಡ್ಡು ವಾಪಸ್ ಬಂದ ಲೆಕ್ಕ ಎಂದು ವಿಮೆ ಕಂಪನಿ ಅಷ್ಟನ್ನು ಕಳೆಯಬಹುದು. ವಿದೇಶ ಪ್ಯಾಕೇಜಿನ ಮೇಲೆ ಮಾರುವವರು ಮೊದಲೇ ಹಿಡಿದ ಟಿಸಿಎಸ್ ತೆರಿಗೆಯನ್ನೂ ನಷ್ಟದಲ್ಲಿ ಸೇರಿಸಬೇಡಿ. ಅದು ನಿಮ್ಮ ಪ್ಯಾನ್ ಮೇಲೆ ಜಮೆ ಆಗಿರುತ್ತದೆ. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿರುವ ನಿಮ್ಮ ತೆರಿಗೆ ಜಮೆ ಪಟ್ಟಿಯಲ್ಲಿ (26ಎಎಸ್) ನೋಡಿ ರಿಟರ್ನ್‌ನಲ್ಲಿ ಪಡೆದುಕೊಳ್ಳಬಹುದು.

ನಮ್ಮ ಲೆಕ್ಕ

ನಾಲ್ಕು ಟಿಕೆಟ್‌ಗೆ ನಾವು ಕೊಟ್ಟದ್ದು 1,10,000 ರೂಪಾಯಿ. ವಿಮಾನ ಸಂಸ್ಥೆ 31,200 ವಾಪಸ್ ಕೊಟ್ಟಿತು. ಉಳಿದ ನಷ್ಟ 78,800. ಹೋಟೆಲ್ ಐದು ರಾತ್ರಿಗೆ 62,000. ಅಗ್ಗಕ್ಕೆ ಸಿಗುತ್ತದೆ ಅಂತ ವಾಪಸ್ ಇಲ್ಲದ ದರದಲ್ಲಿ ಬುಕ್ ಮಾಡಿದ್ದೆ, ಹಾಗಾಗಿ ಪೂರ್ತಿ ಹೋಯಿತು. ಮಕ್ಕಳಿಗಾಗಿ ಮನರಂಜನಾ ಪಾರ್ಕಿನ ಟಿಕೆಟ್ 18,400. ಜೊತೆಗೆ ವೀಸಾ ಶುಲ್ಕ.

ಪಾಲಿಸಿಯಲ್ಲಿ ರದ್ದತಿಗೆ ತಲೆಗೆ 40,000 ರೂಪಾಯಿ ಮಿತಿ. ‘ಪ್ರಯಾಣ ಮತ್ತು ವಸತಿ’ ಮಾತ್ರ ಎಂದು ಬರೆದಿತ್ತು. ಹಾಗಾಗಿ ಪಾರ್ಕ್ ಟಿಕೆಟ್ ಹೊರಗೆ, ವೀಸಾ ಶುಲ್ಕವೂ ಹೊರಗೆ. ಉಳಿದದ್ದು 78,800 ಮತ್ತು 62,000, ಒಟ್ಟು 1,40,800. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 35,200. ಮಿತಿಯ ಒಳಗೇ ಇದೆ. ಆದರೆ ಪ್ರತಿಯೊಬ್ಬರ ಕ್ಲೇಮಿನಲ್ಲೂ ಮೊದಲ 2,000 ರೂಪಾಯಿ ನಮ್ಮದೇ ಹೊಣೆ. ಇದನ್ನು ಡಿಡಕ್ಟಿಬಲ್ ಅನ್ನುತ್ತಾರೆ. ಹೀಗೆ ತಲೆಗೆ 33,200ರಂತೆ ಕೊನೆಗೆ ಬಂದದ್ದು 1,32,800.

ತಲೆಗೆ ಹಂಚುವ ಈ ಲೆಕ್ಕ ಗಮನಿಸಿ. ಗಂಡನ ಹೆಸರಲ್ಲಿ ಮಾತ್ರ ಪಾಲಿಸಿ ಇದ್ದಿದ್ದರೆ ಅವರ ಪಾಲಿನದ್ದಷ್ಟೇ ಬರುತ್ತಿತ್ತು. ‘ಮಕ್ಕಳಿಗೇನು ಬಿಡು, ಚಿಕ್ಕವರು’ ಅಂತ ಅವರಿಗೆ ಪಾಲಿಸಿ ಮಾಡಿಸದವರಿದ್ದಾರೆ. ರದ್ದತಿಯ ಹೊತ್ತಿಗೆ ಮಗುವಿನ ಟಿಕೆಟ್‌ಗೂ ದೊಡ್ಡವರ ಟಿಕೆಟ್‌ಗೂ ಬೆಲೆಯಲ್ಲಿ ಅಂಥಾ ವ್ಯತ್ಯಾಸ ಇರುವುದಿಲ್ಲ. ನಮ್ಮದು ರೂಪಾಯಿ ಮಿತಿಯ ಪಾಲಿಸಿ. ಬಹಳ ವಿದೇಶ ಪಾಲಿಸಿಗಳಲ್ಲಿ ಮಿತಿ ಡಾಲರ್‌ನಲ್ಲಿರುತ್ತದೆ. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ 50,000 ಡಾಲರ್ ಅಂತ ಇದ್ದರೆ ಅದು ಆಸ್ಪತ್ರೆ ಖರ್ಚಿನದ್ದು. ರದ್ದತಿಯ ಮಿತಿ ಒಳಗಿನ ಪಟ್ಟಿಯಲ್ಲಿ, ಅದರ ಎಷ್ಟೋ ಪಾಲು ಚಿಕ್ಕದಾಗಿ ಇರುತ್ತದೆ.

ಐದು ಸಾಲಿನ ಚೀಟಿ

ನಾವು ಮೊದಲ ಸಲ ಕೊಟ್ಟ ಕಾಗದಗಳು ಇವು. ಕ್ಲೇಮ್ ಫಾರಂ, ಪಾಲಿಸಿ, ಟಿಕೆಟ್, ದುಡ್ಡು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ವಿಮಾನ ಸಂಸ್ಥೆ ಎಷ್ಟು ಹಿಡಿದುಕೊಂಡು ಎಷ್ಟು ಕೊಟ್ಟಿತು ಎಂಬ ರಸೀದಿ, ಹೋಟೆಲಿನ ಇಮೇಲ್, ಅಮ್ಮನ ಡಿಸ್ಚಾರ್ಜ್ ಸಮ್ಮರಿ, ರದ್ದಾದ ಚೆಕ್, ಪಾಸ್‌ಪೋರ್ಟ್ ನಕಲು. ಹೋಟೆಲಿನವರ ಮೊದಲ ಇಮೇಲಿನಲ್ಲಿ ‘ಬುಕಿಂಗ್ ರದ್ದಾಗಿದೆ’ ಎಂದಷ್ಟೇ ಇತ್ತು. ‘ಕಟ್ಟಿದ್ದು ಇಷ್ಟು, ವಾಪಸ್ ಸೊನ್ನೆ’ ಎಂದು ಮೊತ್ತ ಸಮೇತ ಬರೆಸಿಕೊಳ್ಳಲು ಇನ್ನೊಮ್ಮೆ ಕೇಳಬೇಕಾಯಿತು.

ಸಂಬಂಧದ ಪುರಾವೆಗೆ ನಾನು ತಲೆಕೆಡಿಸಿಕೊಂಡಿದ್ದೆ. ಬಿದ್ದವರು ನನ್ನ ಅಮ್ಮ. ನನ್ನ ಗಂಡನಿಗೆ ಅತ್ತೆ. ಅವರ ಪಾಲಿನ ಕ್ಲೇಮಿಗೆ ಅತ್ತೆಯೆಂದು ತೋರಿಸಬೇಕು. ಎರಡಕ್ಕೂ ಉತ್ತರ ಸಿಕ್ಕಿದ್ದು ನನ್ನ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ. ಅಲ್ಲಿ ತಂದೆ, ತಾಯಿ, ಗಂಡ ಮೂವರ ಹೆಸರೂ ಅಚ್ಚಾಗಿದೆ. ಆ ಒಂದು ಪುಟವೇ ಸಾಕಾಯಿತು. ಸಾವಿನ ಕ್ಲೇಮ್ ಆದರೆ ಮರಣ ಪತ್ರ ಬೇಕು. ನಮ್ಮ ರಾಜ್ಯದಲ್ಲಿ ಅದು ಇ-ಜನ್ಮ ವ್ಯವಸ್ಥೆಯಲ್ಲಿ ಬರುತ್ತದೆ. 21 ದಿನದೊಳಗೆ ನೋಂದಣಿ ಮಾಡಿಸಿಬಿಡಿ. ಪತ್ರ ಕೈಸೇರುವ ತನಕ ಆಸ್ಪತ್ರೆ ಕೊಟ್ಟ ಸಾವಿನ ವರದಿ ಹಾಕಿ ಕ್ಲೇಮ್ ಶುರು ಮಾಡಬಹುದು.

ಇಷ್ಟೆಲ್ಲ ಕೊಟ್ಟರೂ ತಿರಸ್ಕಾರ ಯಾಕೆ ಬಂತು? ಡಿಸ್ಚಾರ್ಜ್ ಸಮ್ಮರಿಯ ಕೊನೆಗೆ ಒಂದು ವಾಕ್ಯವಿತ್ತು. ರೋಗಿಯ ಸ್ಥಿತಿ ಸ್ಥಿರವಾಗಿದೆ, ವಾಕರ್ ಹಿಡಿದು ನಡೆಯುತ್ತಾರೆ, ಸೆಪ್ಟೆಂಬರ್ 30ಕ್ಕೆ ಮನೆಗೆ ಕಳಿಸಲಾಗಿದೆ. ಡಾಕ್ಟರಿಗೆ ಅದು ಸಮಾಧಾನದ ಸಾಲು. ನಮಗೂ. ಆದರೆ ಕ್ಲೇಮ್ ನೋಡುವವರು ಅದನ್ನು ಓದಿದ್ದೇ ಬೇರೆ ರೀತಿ. 30ಕ್ಕೇ ಮನೆಗೆ ಬಂದಿದ್ದಾರೆ, ಪ್ರಯಾಣ ಇರುವುದು ಅಕ್ಟೋಬರ್ 6ಕ್ಕೆ, ಹಾಗಾದರೆ ಹೋಗಲು ಏನು ಅಡ್ಡಿ ಇತ್ತು? ಅವರ ಪತ್ರದಲ್ಲಿ ಇದನ್ನೇ ಬರೆದಿದ್ದರು. ಓದಿ ನನಗೆ ಕಣ್ಣೀರು ಬಂತು. ಎಬ್ಬಿಸಿ ಕೂರಿಸಲೂ ಇಬ್ಬರು ಬೇಕಾಗಿದ್ದ ದಿನಗಳವು. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದದ್ದು ನಾನು. ಅದು ಯಾವ ಕಾಗದದಲ್ಲೂ ಇರಲಿಲ್ಲ.

ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಮತ್ತೆ ಹೋದೆ. ತಿರಸ್ಕಾರದ ಪತ್ರ ತೋರಿಸಿದೆ. ಅವರು ಲೆಟರ್‌ಹೆಡ್ ತೆಗೆದು ಅಲ್ಲೇ ಬರೆದುಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು. ಸೆಪ್ಟೆಂಬರ್ 24ರಂದು ಬಿದ್ದು ಎಡ ತೊಡೆಮೂಳೆಯ ಮೇಲ್ಭಾಗ ಮುರಿದಿದೆ. 25ರಂದು ಶಸ್ತ್ರಚಿಕಿತ್ಸೆ ಮಾಡಲಾಗಿದೆ. ಇದು ಆಕಸ್ಮಿಕ ಗಾಯ, ಮೊದಲಿನ ಕಾಯಿಲೆಯಿಂದ ಆದದ್ದಲ್ಲ. ಶಸ್ತ್ರಚಿಕಿತ್ಸೆಯಿಂದ ಆರು ವಾರ, ಅಂದರೆ ನವೆಂಬರ್ 6ರವರೆಗೆ, ಹಗಲೂ ರಾತ್ರಿ ಒಬ್ಬರು ಜೊತೆಗಿದ್ದು ನೋಡಿಕೊಳ್ಳುವುದು ಅಗತ್ಯ. ನೋಡಿಕೊಳ್ಳುತ್ತಿರುವವರು ಮಗಳು, ಇದನ್ನು ಸೆಪ್ಟೆಂಬರ್ 26ರಂದೇ ಅವರಿಗೆ ತಿಳಿಸಿದ್ದೇನೆ.

ಕೊನೇ ಸಾಲು ನಾನು ಕೇಳಿ ಬರೆಸಿಕೊಂಡದ್ದಲ್ಲ. ಅವರೇ ಯೋಚಿಸಿ ಬರೆದರು. ನಾವು ಟಿಕೆಟ್ ರದ್ದು ಮಾಡಿದ್ದೂ 26ಕ್ಕೇ. ಎರಡೂ ತಾರೀಖು ಕೂಡಿಕೊಂಡಿತು.

ಈ ಐದು ಸಾಲಿನಲ್ಲಿ ಏನೇನು ಇದೆ ನೋಡಿ. ಏನಾಯಿತು, ಯಾವತ್ತು ಆಯಿತು, ಅದು ಹಳೇ ಕಾಯಿಲೆ ಅಲ್ಲ, ಪ್ರಯಾಣದ ದಿನ ಆ ತೊಂದರೆ ಇನ್ನೂ ಇತ್ತು, ಹಾಗಾಗಿ ಯಾರು ಹೋಗಲು ಸಾಧ್ಯವಿರಲಿಲ್ಲ. ಕಾಯಿಲೆ ಬಿದ್ದವರೇ ಪ್ರಯಾಣಿಕರಾಗಿದ್ದರೆ ‘ಇಂಥ ದಿನದಿಂದ ಇಂಥ ದಿನದವರೆಗೆ ಪ್ರಯಾಣಕ್ಕೆ ಯೋಗ್ಯರಲ್ಲ’ ಎಂದು ಇರಬೇಕು. ‘ವಿಶ್ರಾಂತಿ ಸಲಹೆ ಮಾಡಲಾಗಿದೆ’ ಎಂದರೆ ಸಾಲದು. ಡಾಕ್ಟರಿಗೆ ಸುಳ್ಳು ಬರೆಯಲು ಹೇಳುವ ಮಾತಲ್ಲ ಇದು. ನಿಜವನ್ನೇ ಪೂರ್ತಿಯಾಗಿ, ತಾರೀಖು ಹಾಕಿ ಬರೆಯಲು ಕೇಳುವುದು. ರೋಗಿ ಆಸ್ಪತ್ರೆಯಲ್ಲಿರುವಾಗಲೇ ಕೇಳಿಬಿಡಿ. ಡಿಸ್ಚಾರ್ಜ್ ಆದಮೇಲೆ ಆ ಡಾಕ್ಟರು ಸಿಗುವುದೇ ಕಷ್ಟ.

ಇಲ್ಲ ಅಂದರೆ ಮುಂದೇನು

ತಿರಸ್ಕಾರ ಫೋನಿನಲ್ಲಿ ಬಂದರೆ ಒಪ್ಪಬೇಡಿ. ಬರಹದಲ್ಲಿ ಕೇಳಿ. ಕ್ಲೇಮ್ ಪೂರ್ತಿಯೋ ಭಾಗಶಃವೋ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಕಂಪನಿ ತಿಳಿಸಲೇಬೇಕು. ಅದು ನಿಯಮ. ಷರತ್ತಿನ ನಂಬರ್ ಗೊತ್ತಾದರೆ ಅರ್ಧ ಕೆಲಸ ಆದಂತೆ. ಆ ಷರತ್ತಿಗೆ ಉತ್ತರ ಕೊಡುವ ಕಾಗದ ಯಾವುದು ಎಂದು ಹುಡುಕಿದರಾಯಿತು.

ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಅವರ ಇಮೇಲ್ ಪಾಲಿಸಿಯಲ್ಲೇ ಇರುತ್ತದೆ. ಎರಡು ವಾರದೊಳಗೆ ಅವರು ಉತ್ತರಿಸಬೇಕು. ನಮ್ಮದು ಮುಗಿದದ್ದು ಇಲ್ಲೇ. ಡಾಕ್ಟರ ಚೀಟಿ ಮತ್ತು ಒಂದು ಪುಟದ ಪತ್ರ, ಅಷ್ಟೇ. ಪತ್ರದಲ್ಲಿ ಸಿಟ್ಟು ತೋರಿಸಲಿಲ್ಲ. ತಾರೀಖು ಪ್ರಕಾರ ಏನೇನಾಯಿತು ಎಂದು ಬರೆದು, ಪ್ರತಿ ಸಾಲಿನ ಮುಂದೆ ಅದಕ್ಕೆ ಯಾವ ಕಾಗದ ಎಂದು ನಂಬರ್ ಹಾಕಿದ್ದೆ.

ಅಲ್ಲಿ ಆಗದಿದ್ದರೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಬಹುದು. 155255ಕ್ಕೆ ಫೋನ್ ಮಾಡಿಯೂ ಹೇಳಬಹುದು. ಐಆರ್‌ಡಿಎಐ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಬರುವಂತೆ ನೋಡುತ್ತದೆ.

ತೀರ್ಪು ಬೇಕಾದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ, ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕ ಇಲ್ಲ. ವಕೀಲರು ಬೇಕಿಲ್ಲ, ನೀವೇ ಹೇಳಿಕೊಳ್ಳಬೇಕು. ಮೊದಲು ಕಂಪನಿಗೆ ಬರೆದಿರಬೇಕು. ಅವರು ತಿರಸ್ಕರಿಸಿದ್ದರೆ, ಉತ್ತರ ಒಪ್ಪಿಗೆ ಆಗದಿದ್ದರೆ ಅಥವಾ ಒಂದು ತಿಂಗಳು ಕಳೆದರೂ ಉತ್ತರವೇ ಬಾರದಿದ್ದರೆ ಇಲ್ಲಿಗೆ ಬರಬಹುದು. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಬೇಕಾದ ಕಾಗದಗಳೆಲ್ಲ ಸೇರಿದ ಮೂರು ತಿಂಗಳೊಳಗೆ ತೀರ್ಪು ಬರಬೇಕು. ಕಂಪನಿ ಅದನ್ನು ಪಾಲಿಸಲೇಬೇಕು.

ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. 2019ರ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ನೀವು ಹಾಸನದಲ್ಲೋ ಕಲಬುರಗಿಯಲ್ಲೋ ಕೂತು ಕೇಸ್ ನಡೆಸಬಹುದು. ಅಲ್ಲಿ ಎರಡು ವರ್ಷದ ಗಡುವು. ಆದರೆ ಅಲ್ಲಿ ಕೇಸ್ ಹಾಕಿದ ಮೇಲೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೊದಲು ಒಂಬುಡ್ಸ್‌ಮನ್ ಹತ್ತಿರ ಹೋಗಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿನ ಗಡುವು ಒಂದು ವರ್ಷ. ಕಂಪನಿಯ ಕೊನೇ ‘ಇಲ್ಲ’ ಪತ್ರ ಬಂದ ದಿನದಿಂದ ಎಣಿಕೆ. ಆ ಪತ್ರ ಬಂದ ಲಕೋಟೆ ಅಥವಾ ಇಮೇಲ್ ಅಳಿಸದೆ ಇಟ್ಟುಕೊಳ್ಳಿ, ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕಿ.